ನೆನಪಿಗೆ ಯಾವ ಅಣಬೆ? ಕೊಡಗಿನ ಮನೆಗಳಿಗೊಂದು ಹೋಲಿಕೆ

"ಅವ್ವನಿಗೆ ಮರೆವು ಜಾಸ್ತಿ ಆಗಿದೆ. ಯಾವುದೋ ಅಣಬೆ ಕ್ಯಾಪ್ಸೂಲ್ ಬರುತ್ತಂತಲ್ಲ, ತರಿಸೋದಾ?" ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಎಲ್ಲಿ ಹೋದರೂ ಈಗ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ತೋಟದ ಮನೆಯಲ್ಲಿ ಅಪ್ಪ, ಅವ್ವ ಇಬ್ಬರೇ. ಫೋನಿನಲ್ಲಿ ಅವ್ವ ಒಂದೇ ಮಾತನ್ನು ಮೂರು ಸಲ ಕೇಳಿದರೆ ಮಕ್ಕಳಿಗೆ ಗಾಬರಿ ಆಗುತ್ತದೆ. ಆಗ ಕಣ್ಣಿಗೆ ಬೀಳುವ ಮೊದಲ ಜಾಹೀರಾತಿಗೇ ಆರ್ಡರ್ ಹೋಗುತ್ತದೆ.

ಆರ್ಡರ್ ಹಾಕುವ ಮುಂಚೆ ಇದನ್ನೊಮ್ಮೆ ಓದಿ. ನೆನಪಿನ ಹೆಸರಲ್ಲಿ ಮಾರುವ ಅಣಬೆಗಳಲ್ಲಿ ಮನುಷ್ಯರ ಮೇಲೆ ಪರೀಕ್ಷೆ ಆಗಿರುವುದು ಯಾವುದು, ಬರೀ ಹೆಸರಿನ ಬಲದಿಂದ ಓಡುತ್ತಿರುವುದು ಯಾವುದು ಅಂತ ಬಿಡಿಸಿ ಹೇಳುತ್ತೇನೆ.

ನನ್ನ ತೀರ್ಮಾನ ಇಲ್ಲೇ ಹೇಳಿಬಿಡುತ್ತೇನೆ. ಹೆಚ್ಚಿನ ಮನೆಗಳಿಗೆ ವಾರಕ್ಕೆ ಎರಡು ಮೂರು ಸಲ ಮಾಡುವ ಚಿಪ್ಪಣಬೆ (ಆಯ್ಸ್ಟರ್ ಅಣಬೆ) ಸಾರೇ ಒಳ್ಳೆಯ ಆಯ್ಕೆ. ಡಬ್ಬಿಯಲ್ಲಿ ಬರುವುದರಲ್ಲಿ ಯೋಚನೆ ಮಾಡಬಹುದಾದದ್ದು ಲಯನ್ಸ್ ಮೇನ್ ಒಂದೇ, ಅದೂ ಸರಿಯಾದ ಪ್ರಮಾಣದಲ್ಲಿ, ಸರಿಯಾದ ಕಾಲಾವಧಿಗೆ. ರೇಶಿ, ಕಾರ್ಡಿಸೆಪ್ಸ್, ಚಾಗಾ ಇವನ್ನು ನೆನಪಿಗಾಗಿ ಕೊಳ್ಳಬೇಡಿ. ಮನೆಯಲ್ಲಿ ಯಾರಿಗಾದರೂ ಮರೆವು ನಿಜವಾಗಿಯೂ ಶುರುವಾಗಿದ್ದರೆ ಯಾವ ಅಣಬೆಯೂ ಮೊದಲ ಹೆಜ್ಜೆ ಅಲ್ಲ. ಮೊದಲು ರಕ್ತ ಪರೀಕ್ಷೆ.

ಮೊದಲು: ಯಾರಿಗೆ ಬೇಕು?

ಒಂದೇ ಉತ್ತರ ಎಲ್ಲರಿಗೂ ಹೊಂದುವುದಿಲ್ಲ. ನೀಟ್, ಸಿಇಟಿ ಓದುವ ಮಗಳಿಗೆ ಬೇಕಾದದ್ದು ಬೇರೆ. ಐವತ್ತು ದಾಟಿದ, ಆರೋಗ್ಯವಾಗಿರುವ, ಮುಂದೆ ಮರೆವು ಬರದಿರಲಿ ಅನ್ನುವವರಿಗೆ ಬೇಕಾದದ್ದು ಬೇರೆ. ಎಪ್ಪತ್ತರ ಅಜ್ಜ ಮಾತ್ರೆ ತಿಂದದ್ದು ಮರೆತು ಮತ್ತೆ ತಿನ್ನುತ್ತಿದ್ದಾರೆ ಅಂದರೆ ಆ ವಿಷಯವೇ ಬೇರೆ.

ಈ ಮೂರನೆಯವರ ಬಗ್ಗೆ ನನಗೆ ಜಾಸ್ತಿ ಕಾಳಜಿ. ಯಾಕೆಂದರೆ ಮರೆವಿಗೆ ಸರಿಪಡಿಸಬಹುದಾದ ಕಾರಣಗಳು ಎಷ್ಟೋ ಇವೆ. ಬಿ12 ಜೀವಸತ್ವ ಕಡಿಮೆಯಾದರೆ ಮರೆವು ಬರುತ್ತದೆ. ಥೈರಾಯ್ಡ್ ಕಡಿಮೆಯಾದರೂ ಬರುತ್ತದೆ. ಖಿನ್ನತೆ, ನಿದ್ದೆಗೇಡು, ಕಿವಿ ಕೇಳಿಸದಿರುವುದು, ಜಾಸ್ತಿ ಕುಡಿತ, ಸಕ್ಕರೆ ಕಾಯಿಲೆಯ ಮಾತ್ರೆಯಿಂದ ಪದೇ ಪದೇ ಸಕ್ಕರೆ ಇಳಿದುಹೋಗುವುದು, ನಿದ್ದೆ ಮಾತ್ರೆ, ಕೆಲವು ಅಲರ್ಜಿ ಮಾತ್ರೆ, ಇವೆಲ್ಲ ತಲೆಯನ್ನು ಮಂಕು ಮಾಡುತ್ತವೆ. ಬಿ12 ಕೊರತೆ ಇರುವವರಿಗೆ ಆರು ತಿಂಗಳು ಅಣಬೆ ಪುಡಿ ಕೊಟ್ಟು ಕೂತರೆ ನರಗಳಿಗೆ ಆ ಆರು ತಿಂಗಳಲ್ಲಿ ಆಗುವ ಹಾನಿ ಪೂರ್ತಿ ವಾಪಸ್ ಬರದೇ ಇರಬಹುದು. ಅಣಬೆಯಿಂದ ಬಿ12 ಸಾಕಷ್ಟು ಸಿಗುವುದೂ ಇಲ್ಲ.

ಕರ್ನಾಟಕದಲ್ಲಿ ಇದಕ್ಕೆ ದಾರಿ ಇದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿದವು. ಮರೆವು, ಪಾರ್ಶ್ವವಾಯು, ಮೂರ್ಛೆ, ತಲೆನೋವಿನಂಥ ತೊಂದರೆಗಳನ್ನು ಊರ ಹತ್ತಿರದ ಆಸ್ಪತ್ರೆಗಳಲ್ಲೇ ಬೇಗ ಗುರುತಿಸಬೇಕು ಅನ್ನುವುದು ಅದರ ಉದ್ದೇಶ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧನಾ ಆಸ್ಪತ್ರೆ. ಅಲ್ಲಿಂದಲೇ ವಿಚಾರಣೆ ಶುರು ಮಾಡಬಹುದು. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಣಬೆ ಕ್ಯಾಪ್ಸೂಲ್ ಇದ್ದರೆ ಅದನ್ನೂ.

ಲಯನ್ಸ್ ಮೇನ್: ಆಧಾರ ಇದೆ, ಆದರೆ ಚಿಕ್ಕದು

ಬಿಳಿ ಗಡ್ಡ ಕೆಳಗೆ ಜೋತುಬಿದ್ದಂತೆ ಕಾಣುವ ಅಣಬೆ ಇದು. ವೈಜ್ಞಾನಿಕ ಹೆಸರು ಹೆರಿಸಿಯಂ ಎರಿನೇಸಿಯಸ್. ತಂಪು ದೇಶಗಳ ಕಾಡಿನಲ್ಲಿ ಓಕ್, ಬೀಚ್ ಮರಗಳ ಕಾಂಡದ ಮೇಲೆ ಬೆಳೆಯುತ್ತದೆ. ಜಪಾನಿನಲ್ಲಿ ಯಮಾಬುಶಿತಾಕೆ ಅನ್ನುತ್ತಾರೆ. ನಮ್ಮಲ್ಲಿ ಸಿಗುವುದು ಮರದ ಹೊಟ್ಟಿನ ಮೇಲೆ ಬೆಳೆಸಿದ್ದು.

ಇದಕ್ಕೆ ನೆನಪಿನ ನಂಟು ಬಂದದ್ದು ಹೀಗೆ. ನರಕೋಶಗಳು ಬೆಳೆಯಲು, ಉಳಿಯಲು ನೆರವಾಗುವ ನರ್ವ್ ಗ್ರೋತ್ ಫ್ಯಾಕ್ಟರ್ ಅನ್ನುವ ಪ್ರೋಟೀನ್ ನಮ್ಮ ದೇಹದಲ್ಲೇ ಇದೆ. ಅದನ್ನು ಕಂಡುಹಿಡಿದದ್ದಕ್ಕೆ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ, ಸ್ಟ್ಯಾನ್ಲಿ ಕೋಹೆನ್ ಜತೆ, 1986ರಲ್ಲಿ ನೊಬೆಲ್ ಬಂತು. 1990ರ ದಶಕದಲ್ಲಿ ಜಪಾನಿನ ಸಂಶೋಧಕರು ಈ ಅಣಬೆಯಿಂದ ಎರಡು ಗುಂಪಿನ ವಸ್ತುಗಳನ್ನು ಬೇರ್ಪಡಿಸಿದರು. ಮೇಲೆ ಕಾಣುವ ಅಣಬೆಯಲ್ಲಿ ಹೆರಿಸಿನೋನ್, ಬುಡದಲ್ಲಿ ಹರಡುವ ಬಿಳಿ ಎಳೆಗಳಲ್ಲಿ ಎರಿನಾಸಿನ್. ಪ್ರಯೋಗಾಲಯದ ಕೋಶಗಳಲ್ಲಿ ಇವು ಆ ಪ್ರೋಟೀನಿನ ಉತ್ಪತ್ತಿಯನ್ನು ಹೆಚ್ಚಿಸಿದವು. ಕೋಶದಲ್ಲಿ ಆದದ್ದು ಮನುಷ್ಯರಲ್ಲೂ ಆಗುತ್ತದಾ ಅನ್ನುವುದು ಮುಂದಿನ ಪ್ರಶ್ನೆ ಅಲ್ವಾ?

ಅದಕ್ಕೆ ಎಲ್ಲರೂ ತೋರಿಸುವುದು 2009ರ ಜಪಾನಿನ ಪರೀಕ್ಷೆ. 50ರಿಂದ 80 ವರ್ಷದ, ಮರೆವಿನ ಆರಂಭದ ಹಂತದಲ್ಲಿದ್ದ ಸುಮಾರು 30 ಜನ. ಅರ್ಧ ಜನಕ್ಕೆ ಅಣಬೆ ಮಾತ್ರೆ, ಉಳಿದವರಿಗೆ ನೋಡಲು ಹಾಗೇ ಇರುವ ಹುಸಿ ಮಾತ್ರೆ. 250 ಮಿಲಿಗ್ರಾಂ ಮಾತ್ರೆ ನಾಲ್ಕರಂತೆ ದಿನಕ್ಕೆ ಮೂರು ಹೊತ್ತು, 16 ವಾರ. ಅಣಬೆ ತಿಂದವರ ಅಂಕಗಳು 8, 12, 16ನೇ ವಾರಗಳಲ್ಲಿ ಮೇಲಿದ್ದವು. ಮಾತ್ರೆ ನಿಲ್ಲಿಸಿ ನಾಲ್ಕು ವಾರ ಆದಮೇಲೆ ಅಂಕ ಇಳಿಯಿತು. ಅಂದರೆ ಏನಾದರೂ ಉಪಯೋಗ ಆಗಿದ್ದರೂ ಅದು ತಿನ್ನುತ್ತಿರುವಾಗ ಮಾತ್ರ.

2019ರಲ್ಲಿ ಜಪಾನಿನಲ್ಲೇ ಇನ್ನೊಂದು ಪರೀಕ್ಷೆ ಪ್ರಕಟವಾಯಿತು. 50 ದಾಟಿದ 31 ಆರೋಗ್ಯವಂತರು ದಿನಕ್ಕೆ 3.2 ಗ್ರಾಂನಂತೆ 12 ವಾರ ತಿಂದರು. ಮಾಡಿದ ಮೂರು ಬಗೆಯ ನೆನಪಿನ ಪರೀಕ್ಷೆಗಳಲ್ಲಿ ಒಂದರಲ್ಲಿ ಮಾತ್ರ ಸುಧಾರಣೆ ಕಂಡಿತು. ತೈವಾನಿನಲ್ಲಿ ಆಲ್ಜೈಮರ್ಸ್ ಅನ್ನುವ ಮರೆವಿನ ಕಾಯಿಲೆಯ ಮೊದಲ ಹಂತದವರಿಗೆ ಎರಿನಾಸಿನ್ ಹೆಚ್ಚಿರುವಂತೆ ಬೆಳೆಸಿದ ಬಿಳಿ ಎಳೆಗಳ ಕ್ಯಾಪ್ಸೂಲನ್ನು 49 ವಾರ ಕೊಟ್ಟರು. ಹುಸಿ ಮಾತ್ರೆಯವರಿಗೆ ಹೋಲಿಸಿದರೆ ದಿನನಿತ್ಯದ ಕೆಲಸ ಮಾಡಿಕೊಳ್ಳುವ ಅಂಕದಲ್ಲಿ ವ್ಯತ್ಯಾಸ ಕಂಡಿತು. ಹೊಟ್ಟೆನೋವು, ವಾಕರಿಕೆ, ಮೈಮೇಲೆ ದದ್ದು ಅಂತ ಕೆಲವರು ಅರ್ಧದಲ್ಲೇ ಬಿಟ್ಟರು.

ಇನ್ನು ಓದುವ ಮಕ್ಕಳ ವಿಷಯ. ಇಂಗ್ಲೆಂಡಿನ ನಾರ್ತಂಬ್ರಿಯಾ ವಿಶ್ವವಿದ್ಯಾಲಯ 2023ರಲ್ಲಿ 18ರಿಂದ 45 ವರ್ಷದ 41 ಜನರ ಪರೀಕ್ಷೆ ಪ್ರಕಟಿಸಿತು. 1.8 ಗ್ರಾಂ ತಿಂದು ಒಂದು ಗಂಟೆಗೆ ಒಂದು ಪರೀಕ್ಷೆಯಲ್ಲಿ ವೇಗ ಸ್ವಲ್ಪ ಹೆಚ್ಚಿತು. 28 ದಿನಕ್ಕೆ ಮನಸ್ಸಿನ ಒತ್ತಡ ಕಡಿಮೆಯಾಗುವ ಕಡೆ ವಾಲಿತು. ಬೇರೆ ಹೆಚ್ಚಿನ ಅಳತೆಗಳಲ್ಲಿ ಏನೂ ಬದಲಾಗಲಿಲ್ಲ. ಇಷ್ಟು ಆಧಾರ ಇಟ್ಟುಕೊಂಡು ಹದಿನೇಳು ವರ್ಷದ ಮಗುವಿಗೆ ಪರೀಕ್ಷೆಗೆ ಮುಂಚೆ ಇದನ್ನು ಕೊಡಿ ಅಂತ ನಾನು ಹೇಳಲಾರೆ. ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆಯೇ ದೊಡ್ಡ ಮದ್ದು.

ಎಲ್ಲ ಸೇರಿಸಿ ನೋಡಿದರೆ ಚಿತ್ರ ಹೀಗಿದೆ. ಪರೀಕ್ಷೆಗಳು ನಡೆದಿವೆ, ದಿಕ್ಕು ಆಶಾದಾಯಕ, ಆದರೆ ಜನ ತುಂಬ ಕಡಿಮೆ. 30 ಜನರ ಫಲಿತಾಂಶ ನೂರಾರು ಜನರಲ್ಲೂ ನಿಂತೀತು ಅಂತ ಯಾರೂ ಗ್ಯಾರಂಟಿ ಕೊಡಲಾರರು.

ಡಬ್ಬಿಯ ಲೆಕ್ಕ

ಇಲ್ಲಿ ಪೆನ್ನು ಕಾಗದ ತಗೊಳ್ಳಿ. ಜಪಾನಿನವರು ಕೊಟ್ಟದ್ದು ದಿನಕ್ಕೆ ಸುಮಾರು 3 ಗ್ರಾಂ ಪುಡಿ. ನಿಮ್ಮ ಡಬ್ಬಿಯಲ್ಲಿ 500 ಮಿಲಿಗ್ರಾಂನ 60 ಕ್ಯಾಪ್ಸೂಲ್ ಇದೆ ಅಂದುಕೊಳ್ಳಿ. ದಿನಕ್ಕೆ ಆರು ಬೇಕು. ಡಬ್ಬಿ ಹತ್ತು ದಿನಕ್ಕೆ ಖಾಲಿ. 16 ವಾರಕ್ಕೆ 672 ಕ್ಯಾಪ್ಸೂಲ್, ಅಂದರೆ ಹನ್ನೆರಡು ಡಬ್ಬಿ. ದಿನಕ್ಕೆ ಒಂದು ಕ್ಯಾಪ್ಸೂಲ್ ನುಂಗಿದರೆ ಪರೀಕ್ಷೆಯಲ್ಲಿ ಕೊಟ್ಟದ್ದರ ಆರರಲ್ಲೊಂದು ಪಾಲು ಮಾತ್ರ ಹೊಟ್ಟೆಗೆ ಹೋಗುತ್ತದೆ. ಹಾಗೆ ತಿಂದು "ಏನೂ ಆಗಲಿಲ್ಲ" ಅನ್ನುವುದಕ್ಕೂ ಅರ್ಥವಿಲ್ಲ, "ತುಂಬ ಉಪಯೋಗ ಆಯಿತು" ಅನ್ನುವುದಕ್ಕೂ ಅರ್ಥವಿಲ್ಲ.

ಅಣಬೆಯ ಸತ್ವವನ್ನಷ್ಟೇ ತೆಗೆದು ಮಾಡಿದ ಪುಡಿ (ಎಕ್ಸ್‌ಟ್ರಾಕ್ಟ್) ಅಂತ ಬರೆದಿದ್ದರೆ ಲೆಕ್ಕ ಬದಲಾಗುತ್ತದೆ. ಆದರೆ ಮೇಲಿನ ಎರಡೂ ಜಪಾನಿ ಪರೀಕ್ಷೆಗಳಲ್ಲಿ ಬಳಸಿದ್ದು ಅಣಬೆಯ ಪುಡಿಯನ್ನೇ. "ಹತ್ತು ಪಟ್ಟು ಸತ್ವ" ಅನ್ನುವ ಮಾತು ಹತ್ತು ಪಟ್ಟು ಉಪಯೋಗಕ್ಕೆ ಸಮ ಅಲ್ಲ.

ಹಸಿ ಅಣಬೆ ಸಿಕ್ಕಿದರೆ? ಅಣಬೆಯ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಹಾಗಾಗಿ 3 ಗ್ರಾಂ ಒಣಪುಡಿಗೆ ಸುಮಾರು 30 ಗ್ರಾಂ ಹಸಿ ಅಣಬೆ ಬೇಕು. ಒಬ್ಬರ ತಟ್ಟೆಯ ಪಲ್ಯದಲ್ಲಿ ಅಷ್ಟು ಸುಲಭವಾಗಿ ಸೇರುತ್ತದೆ. ಹತ್ತಿರದಲ್ಲಿ ಯಾರಾದರೂ ಬೆಳೆಯುತ್ತಿದ್ದರೆ ನಾನು ಡಬ್ಬಿ ಬಿಟ್ಟು ಅದನ್ನೇ ಕೊಳ್ಳುತ್ತೇನೆ. ಏನು ತಿನ್ನುತ್ತಿದ್ದೇವೆ ಅಂತ ಕಣ್ಣಿಗೆ ಕಾಣುತ್ತದೆ.

ಡಬ್ಬಿಯೇ ಬೇಕು ಅಂದರೆ ಚೀಟಿಯಲ್ಲಿ ಮೊದಲು ಹುಡುಕಬೇಕಾದದ್ದು, ಒಳಗಿರುವುದು ಮೇಲೆ ಕಾಣುವ ಅಣಬೆಯಾ, ಧಾನ್ಯದ ಮೇಲೆ ಬೆಳೆಸಿದ ಬಿಳಿ ಎಳೆಯಾ ಅನ್ನುವುದು. ಎಳೆಯನ್ನು ಅಕ್ಕಿ, ಓಟ್ಸ್ ಮೇಲೆ ಬೆಳೆಸಿ, ಧಾನ್ಯದ ಸಮೇತ ಒಣಗಿಸಿ ಪುಡಿ ಮಾಡಿದರೆ ಡಬ್ಬಿಯಲ್ಲಿ ಧಾನ್ಯದ ಹಿಟ್ಟೂ ಸಾಕಷ್ಟು ಇರುತ್ತದೆ. ತೈವಾನಿನ ಪರೀಕ್ಷೆಯಲ್ಲೂ ಎಳೆಯನ್ನೇ ಬಳಸಿದ್ದರು ನಿಜ, ಆದರೆ ಅದು ಎರಿನಾಸಿನ್ ಪ್ರಮಾಣ ಅಳೆದು ತಯಾರಿಸಿದ್ದು. ಎರಡೂ ಒಂದೇ ಅಲ್ಲ.

ಇನ್ನೊಂದು ಸಂಗತಿ. "ಪಾಲಿಸ್ಯಾಕರೈಡ್ ಶೇ. 40" ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಪಾಲಿಸ್ಯಾಕರೈಡ್ ಅಂದರೆ ಸಕ್ಕರೆಯ ಕಣಗಳು ಉದ್ದ ಸರಪಳಿಯಾಗಿ ಸೇರಿದ ವಸ್ತು. ಧಾನ್ಯದ ಪಿಷ್ಟವೂ ಪಾಲಿಸ್ಯಾಕರೈಡೇ. ಅಕ್ಕಿ ಹಿಟ್ಟಿಗೂ ಆ ಮಾತು ಒಪ್ಪುತ್ತದೆ. ಅಣಬೆಯಲ್ಲಿ ಹೆಚ್ಚಾಗಿರುವ ಬಗೆ ಬೀಟಾ-ಗ್ಲೂಕಾನ್. ಅದರ ಪ್ರಮಾಣ ಬರೆದಿದ್ದರೆ ನಂಬಿಕೆ ಸ್ವಲ್ಪ ಹೆಚ್ಚು. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಇದೆ. ಒಂದು ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ನೀರಿನಲ್ಲಿ ಕುದಿಸಿ ಆರಿಸಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಟಿಂಚರ್ ಅಯೋಡಿನ್ ಒಂದೆರಡು ಹನಿ ಹಾಕಿ. ಕಡು ನೀಲಿ, ಕಪ್ಪು ಬಣ್ಣಕ್ಕೆ ತಿರುಗಿದರೆ ಅದರಲ್ಲಿ ಪಿಷ್ಟ ಇದೆ. ಶಾಲೆಯಲ್ಲಿ ಆಲೂಗಡ್ಡೆಗೆ ಮಾಡಿದ ಪರೀಕ್ಷೆಯೇ ಇದು. ಆ ಪುಡಿಯನ್ನು ಆಮೇಲೆ ಚೆಲ್ಲಿಬಿಡಿ.

ಎಫ್‌ಎಸ್‌ಎಸ್‌ಎಐನ 14 ಅಂಕೆಯ ಪರವಾನಗಿ ಸಂಖ್ಯೆ ಇರಲೇಬೇಕು. ಆದರೆ ಅದು ಆಹಾರದ ಪರವಾನಗಿ. ಒಳಗಿನದು ನೆನಪು ಹೆಚ್ಚಿಸುತ್ತದೆ ಅಂತ ಸರ್ಕಾರ ಒಪ್ಪಿದ್ದಕ್ಕೆ ಸಾಕ್ಷಿ ಅಲ್ಲ. "ಮರೆವಿನ ಕಾಯಿಲೆ ವಾಸಿ" ಅಂತ ಯಾರಾದರೂ ಔಷಧದ ಜಾಹೀರಾತು ಹಾಕಿದರೆ ಅಲ್ಲಿಗೇ ಬಿಟ್ಟುಬಿಡಿ. ಮಿದುಳಿನ ಕಾಯಿಲೆಗಳಿಗೆ ಔಷಧ ಅಂತ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಡೆಯುತ್ತದೆ.

ಚಿಪ್ಪಣಬೆ, ಬಟನ್, ಶಿಟಾಕೆ: ಅಡುಗೆಮನೆಯ ದಾರಿ

ಈಗ ನನಗೆ ಇಷ್ಟವಾದ ಆಯ್ಕೆಗೆ ಬರೋಣ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದವರು 60 ದಾಟಿದ 663 ಜನರ ಊಟ ಮತ್ತು ನೆನಪು ಎರಡನ್ನೂ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ವಾರಕ್ಕೆ ಎರಡು ಪಾಲಿಗಿಂತ ಹೆಚ್ಚು ಅಣಬೆ ತಿನ್ನುವವರಲ್ಲಿ ಮರೆವಿನ ಆರಂಭದ ಹಂತ ಕಾಣುವ ಸಾಧ್ಯತೆ ಸುಮಾರು ಅರ್ಧದಷ್ಟಿತ್ತು. ಒಂದು ಪಾಲು ಅಂದರೆ ಬೇಯಿಸಿದ 150 ಗ್ರಾಂ. ಅವರು ಲೆಕ್ಕ ಹಾಕಿದ್ದು ಮಾಮೂಲಿ ಅಣಬೆಗಳನ್ನೇ: ಚಿಪ್ಪಣಬೆ, ಬಟನ್, ಶಿಟಾಕೆ (ಜಪಾನ್, ಚೀನಾ ಅಡುಗೆಯ ಕಂದು ಅಣಬೆ), ಒಣ ಅಣಬೆ, ಡಬ್ಬಿ ಅಣಬೆ ಕೂಡ.

ಜಪಾನಿನ ಓಸಾಕಿ ಪ್ರದೇಶದಲ್ಲಿ 65 ದಾಟಿದ 13,230 ಜನರನ್ನು ಐದೂವರೆ ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ವಾರಕ್ಕೆ ಮೂರು ಸಲವಾದರೂ ಅಣಬೆ ತಿನ್ನುವವರಲ್ಲಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಬರುವುದು, ವಾರಕ್ಕೊಮ್ಮೆಯೂ ತಿನ್ನದವರಿಗಿಂತ ಶೇ. 19ರಷ್ಟು ಕಡಿಮೆ ಇತ್ತು.

ಇಲ್ಲಿ ಒಂದು ಎಚ್ಚರ ಬೇಕು. ಇವರಿಗೆ ಯಾರೂ ಅಣಬೆ ಕೊಟ್ಟು ಪರೀಕ್ಷೆ ಮಾಡಿಲ್ಲ. ತಿನ್ನುವವರನ್ನೂ ತಿನ್ನದವರನ್ನೂ ಹೋಲಿಸಿದ್ದಾರೆ, ಅಷ್ಟೇ. ಅಣಬೆ ತಿನ್ನುವವರು ತರಕಾರಿಯನ್ನೂ ಜಾಸ್ತಿ ತಿನ್ನುತ್ತಿರಬಹುದು, ಹೆಚ್ಚು ನಡೆಯುತ್ತಿರಬಹುದು. ಅಂಥ ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಸರಿದೂಗಿಸಲು ನೋಡಿದ್ದಾರೆ, ಆದರೆ ಪೂರ್ತಿ ಸರಿದೂಗಿಸಲು ಆಗುವುದಿಲ್ಲ. ಹೀಗೆ ಲಯನ್ಸ್ ಮೇನ್‌ಗೆ ಸರಿಯಾದ ಬಗೆಯ ಪರೀಕ್ಷೆ ಇದೆ, ಜನ ಕಡಿಮೆ. ಊಟದ ಅಣಬೆಗೆ ಜನ ಸಾವಿರಗಟ್ಟಲೆ ಇದ್ದಾರೆ, ಪರೀಕ್ಷೆಯ ಬಗೆ ಸಡಿಲ. ಎರಡೂ ಕಡೆ ಸಂಶಯ ಉಳಿದಿರುವಾಗ ನಾನು ಊಟದ ಕಡೆಗೇ ವಾಲುತ್ತೇನೆ. ನೆನಪಿಗೆ ಏನೂ ಆಗದೇ ಹೋದರೂ ಒಂದೊಳ್ಳೆ ಊಟವಂತೂ ಆಗಿರುತ್ತದೆ.

ಅಣಬೆಯಲ್ಲಿ ವಿಶೇಷ ಏನಿದೆ ಅಂದರೆ ವಿಜ್ಞಾನಿಗಳು ತೋರಿಸುವುದು ಎರ್ಗೋಥಿಯೋನೀನ್ ಅನ್ನುವ ವಸ್ತುವನ್ನು. ನಮ್ಮ ದೇಹ ಅದನ್ನು ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಆದರೂ ಅದನ್ನು ಕೋಶದೊಳಗೆ ಎಳೆದುಕೊಳ್ಳಲೆಂದೇ ದೇಹದಲ್ಲಿ ಒಂದು ಸಾಗಣೆ ಪ್ರೋಟೀನ್ ಇದೆ. ಮಿದುಳಿಗೂ ಅದು ತಲುಪುತ್ತದೆ. ಮರೆವಿನ ಆರಂಭದ ಹಂತದವರ ರಕ್ತದಲ್ಲಿ ಅದು ಕಡಿಮೆ ಇರುವುದನ್ನು ಸಿಂಗಪುರದಲ್ಲೇ ಗುರುತಿಸಿದ್ದಾರೆ. ಚಿಪ್ಪಣಬೆ, ಶಿಟಾಕೆಗಳಲ್ಲಿ ಇದು ಬಟನ್ ಅಣಬೆಗಿಂತ ಹೆಚ್ಚು. ಹಾಗಾಗಿ ಚಿಪ್ಪಣಬೆ, ಬಟನ್ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಚಿಪ್ಪಣಬೆ ತಗೊಳ್ಳಿ.

ಬೇಯಿಸಿದರೆ ಎರ್ಗೋಥಿಯೋನೀನ್ ಹಾಳಾಗುವುದಿಲ್ಲ, ಆದರೆ ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಅಣಬೆ ಬೇಯಿಸಿ ನೀರು ಬಸಿಯಬೇಡಿ. ನಮ್ಮ ಕುಮ್ಮು (ಮಳೆಗಾಲದಲ್ಲಿ ತಾನಾಗಿ ಏಳುವ ಅಣಬೆ) ಕರಿಯಲ್ಲಿ ಆ ತಾಪತ್ರಯವೇ ಇಲ್ಲ. ಅಣಬೆ ಬಿಟ್ಟ ನೀರೆಲ್ಲ ಕರಿಯಲ್ಲೇ ಉಳಿಯುತ್ತದೆ, ಅದರಲ್ಲಿ ಅಕ್ಕಿ ಒಟ್ಟಿಯನ್ನೋ (ಅಕ್ಕಿ ರೊಟ್ಟಿ) ಕಡಂಬುಟ್ಟನ್ನೋ (ಅಕ್ಕಿ ಕಡುಬು) ಅದ್ದಿ ತಿನ್ನುತ್ತೇವೆ. ಕುಮ್ಮು ಸಿಗದ ತಿಂಗಳಲ್ಲಿ ಅದೇ ಮಸಾಲೆಗೆ ಚಿಪ್ಪಣಬೆ ಹಾಕಿ. ಅಜ್ಜಿಯರಿಗೆ ಹಲ್ಲಿನ ತೊಂದರೆ ಇದ್ದರೆ ಬಿಡಿಸಿ ಸಣ್ಣಗೆ ಹೆಚ್ಚಿ. ಶಿಟಾಕೆಯನ್ನು ಮಾತ್ರ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಹಸಿಯಾಗಿ ಅಥವಾ ಅರೆಬೆಂದದ್ದು ತಿಂದರೆ ಕೆಲವರಿಗೆ ಮೈಮೇಲೆ ಬಾಸುಂಡೆ ಬಂದಂತೆ ಗೀರುಗೀರಾಗಿ ಕೆಂಪು ಏಳುತ್ತದೆ.

ತೋಟದ ಕುಮ್ಮು ಮದ್ದಾ?

ಕೊಡಗಿನಲ್ಲಿ ಇದನ್ನು ಕೇಳದೆ ಬಿಡುವವರಿಲ್ಲ. ಕಕ್ಕಡ ತಿಂಗಳ ಮಳೆಗೆ ಹುತ್ತದ ಬದಿಯಲ್ಲಿ ಏಳುವ ಕುಮ್ಮಿಗೆ ಸಾಟಿ ಯಾವುದು? ಕಕ್ಕಡದ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನ ಪಾಯಸ ಮಾಡಿ ತಿನ್ನುವ ನಾಡು ನಮ್ಮದು. ಕಾಡಿನದನ್ನು ಮದ್ದು ಅಂತ ತಿನ್ನುವುದು ನಮಗೆ ಹೊಸದಲ್ಲ.

ಹುತ್ತದ ಅಣಬೆಗಳು ಟರ್ಮಿಟೋಮೈಸಿಸ್ ಕುಲದವು. ಗೆದ್ದಲು ತನ್ನ ಗೂಡಿನೊಳಗೆ ಈ ಶಿಲೀಂಧ್ರವನ್ನು ಸಾಕುತ್ತದೆ, ಮಳೆ ಬಿದ್ದಾಗ ಅದು ಮೇಲೆ ಬಂದು ಕೊಡೆ ಬಿಚ್ಚುತ್ತದೆ. ಗೆದ್ದಲಿನ ಜತೆ ಬಿಟ್ಟರೆ ಬೆಳೆಯುವುದು ಕಷ್ಟವಾದ್ದರಿಂದಲೇ ಅದನ್ನು ಚಿಪ್ಪಣಬೆಯಂತೆ ಚೀಲದಲ್ಲಿ ಬೆಳೆಸಲು ಆಗುತ್ತಿಲ್ಲ. ರುಚಿಗೆ, ಊಟದ ಸಂತೋಷಕ್ಕೆ ತಿನ್ನಿ. ನೆನಪಿಗೆ ಅಂತ ಅದನ್ನು ಒಣಗಿಸಿ ಪುಡಿ ಮಾಡಿ ವರ್ಷವಿಡೀ ಕೊಡಲು ಆಧಾರವಿಲ್ಲ.

ಮನೆಯ ಹಿರಿಯರು ಗುರುತು ಹಿಡಿದದ್ದನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ. ಇಲ್ಲಿ ಒಂದು ಕಷ್ಟದ ಮಾತು ಹೇಳಬೇಕು. ಗುರುತು ಹಿಡಿಯುವ ಆ ಹಿರಿಯರಿಗೇ ಈಗ ಮರೆವು ಶುರುವಾಗಿದ್ದರೆ, ಅವರು ಒಬ್ಬರೇ ಹೋಗಿ ಕೊಯ್ದು ತಂದದ್ದನ್ನು ಇನ್ನೊಬ್ಬರು ತಿಳಿದವರು ನೋಡಿಯೇ ಒಲೆಗೆ ಹಾಕಬೇಕು. ಅವರ ಮನಸ್ಸಿಗೆ ನೋವಾಗದಂತೆ, ಜತೆಯಲ್ಲೇ ಹೋಗಿ ಕೊಯ್ಯುವುದು ಒಳ್ಳೆಯ ದಾರಿ. ಬೆಳ್ಳಿ ಚಮಚ ಕಪ್ಪಾಗದಿದ್ದರೆ ವಿಷವಿಲ್ಲ, ಹುಳ ತಿಂದಿದ್ದರೆ ವಿಷವಿಲ್ಲ ಅನ್ನುವ ಮಾತುಗಳನ್ನು ನಂಬಬೇಡಿ. ಎರಡೂ ಸುಳ್ಳು. ಯಕೃತ್ತನ್ನು ಕೊಲ್ಲುವ ಅಣಬೆ ವಿಷದ ಲಕ್ಷಣ ತಿಂದು ಆರು ಗಂಟೆ, ಹನ್ನೆರಡು ಗಂಟೆ ಆದಮೇಲೆ ಕಾಣಿಸಬಹುದು. ವಾಂತಿ ಭೇದಿ ನಿಂತು ಸರಿಹೋಯಿತು ಅನ್ನಿಸಿದ ಮೇಲೂ ಯಕೃತ್ತು ಕೆಡುತ್ತಾ ಹೋಗುತ್ತದೆ. ಅನುಮಾನ ಬಂದರೆ ಉಳಿದ ಅಣಬೆಯನ್ನೂ ಕಟ್ಟಿಕೊಂಡು ನೇರ ಆಸ್ಪತ್ರೆಗೆ ಹೋಗಿ.

ಕಾಫಿ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿ ಮೈಲುತುತ್ತ ಇದೆ, ಅಂದರೆ ತಾಮ್ರ. ಅಣಬೆಗಳು ಮಣ್ಣಿನ ಲೋಹಗಳನ್ನು ಚೆನ್ನಾಗಿ ಹೀರುತ್ತವೆ. ಸಿಂಪಡಿಸಿದ ಗಿಡದ ಬುಡದ್ದು ಬೇಡ.

ರೇಶಿ: ನಮಗೆ ಗೊತ್ತಿರುವ ಅಣಬೆಯೇ

ರೇಶಿ ಅಂದರೆ ಗ್ಯಾನೋಡರ್ಮ. ತೆಂಗು, ಅಡಿಕೆ ಬೆಳೆಯುವವರಿಗೆ ಈ ಹೆಸರು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಮರದ ಬುಡದಲ್ಲಿ ಕಂದುಗೆಂಪು, ಮೆರುಗಿನ ಹಲಗೆಯಂತೆ ಮೂಡಿ ಮರವನ್ನೇ ತೆಗೆದುಬಿಡುವ ಅಣಬೆ ರೋಗಕ್ಕೆ ಕಾರಣ ಇದೇ ಕುಲ. ಮದ್ದಿಗೆ ಅಂತ ಮಾರುವುದು ಬೆಳೆಸಿದ್ದು. ಅಡಿಕೆ ಮರದ ಬುಡದ್ದನ್ನು ಕಿತ್ತು ಕಷಾಯ ಮಾಡಬೇಡಿ. ಯಾವ ಜಾತಿ, ಯಾವ ಔಷಧ ಹೊಡೆದ ಮರ ಅನ್ನುವುದು ಗೊತ್ತಿರುವುದಿಲ್ಲ.

ಚೀನಾದಲ್ಲಿ ಇದಕ್ಕೆ ದೊಡ್ಡ ಪರಂಪರೆ ಇದೆ, ಹೆಸರೂ ದೊಡ್ಡದು. ಆದರೆ ಆಲ್ಜೈಮರ್ಸ್ ಇರುವ 42 ಜನರಿಗೆ ಆರು ವಾರ ಇದರ ಬೀಜಕಣದ ಪುಡಿ ಕೊಟ್ಟು ನೋಡಿದಾಗ ಹುಸಿ ಮಾತ್ರೆಗಿಂತ ಉಪಯೋಗ ಕಾಣಲಿಲ್ಲ. ರೇಶಿ ಪುಡಿ ತಿಂದವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ದಾಖಲಾಗಿವೆ. ರಕ್ತ ತೆಳುವಾಗಿಸುವ ಮಾತ್ರೆಯ ಜತೆ ರಕ್ತಸ್ರಾವದ ಅಪಾಯ ಇದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಹಿರಿಯರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಯೋಚಿಸಿ. ಪರಿಚಯದವರೇ ಮನೆಗೆ ಬಂದು ಚೈನ್ ಸ್ಕೀಮಿನಲ್ಲಿ ಇದನ್ನು ಮಾರುವುದರಿಂದ ಬೇಡ ಅನ್ನಲು ಸಂಕೋಚ ಆಗುತ್ತದೆ. ಸಂಕೋಚ ಬಿಟ್ಟು ಬೇಡ ಅನ್ನಿ.

ಕಾರ್ಡಿಸೆಪ್ಸ್, ಚಾಗಾ, ಟರ್ಕಿ ಟೇಲ್

ಇವುಗಳಿಗೆ ಜಾಸ್ತಿ ಮಾತು ಬೇಡ. ಕಾರ್ಡಿಸೆಪ್ಸ್‌ನ ಹೆಸರು ಬಂದದ್ದು ಹಿಮಾಲಯದ ಕೀಡಾ ಜಡಿಯಿಂದ. ಅದು ಕಂಬಳಿಹುಳದ ಮೇಲೆ ಬೆಳೆಯುತ್ತದೆ, ಬೆಲೆ ಆಕಾಶಕ್ಕೆ. ಡಬ್ಬಿಯಲ್ಲಿ ಬರುವುದು ಹೆಚ್ಚಾಗಿ ಬೇರೆ ಜಾತಿ, ಕಾರ್ಡಿಸೆಪ್ಸ್ ಮಿಲಿಟಾರಿಸ್, ಕೋಣೆಯೊಳಗೆ ಅಕ್ಕಿಯ ಮೇಲೆ ಬೆಳೆಸಿದ್ದು. ಮನುಷ್ಯರಲ್ಲಿ ಇದರ ಪರೀಕ್ಷೆಗಳು ಹೆಚ್ಚಾಗಿ ದೇಹದ ದಣಿವು, ವ್ಯಾಯಾಮದ ಬಗ್ಗೆ. ನೆನಪಿಗಾಗಿ ಇದಕ್ಕೆ ಹಣ ಕೊಡಬೇಡಿ.

ಚಾಗಾ ತಣ್ಣನೆಯ ದೇಶಗಳ ಬರ್ಚ್ ಮರದ್ದು. ಅದರಲ್ಲಿ ಆಕ್ಸಲೇಟ್ ತುಂಬ ಇದೆ. ಜಪಾನಿನಲ್ಲಿ 72 ವರ್ಷದ ಮಹಿಳೆಯೊಬ್ಬರು ದಿನವೂ ನಾಲ್ಕೈದು ಚಮಚ ಪುಡಿಯನ್ನು ಆರು ತಿಂಗಳು ತಿಂದು ಕಿಡ್ನಿ ಕಳೆದುಕೊಂಡದ್ದು ವೈದ್ಯರ ದಾಖಲೆಯಲ್ಲಿದೆ. ಕಲ್ಲಿನ ತೊಂದರೆ ಇರುವವರು ಹತ್ತಿರವೂ ಹೋಗಬಾರದು.

ಟರ್ಕಿ ಟೇಲ್‌ನಿಂದ ತೆಗೆದ ಒಂದು ವಸ್ತುವನ್ನು ಜಪಾನಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಜತೆ ಬಳಸಿದ್ದಾರೆ. ನೆನಪಿನ ಕಥೆ ಅದಕ್ಕಿಲ್ಲ. ಇನ್ನು ಮ್ಯಾಜಿಕ್ ಮಶ್ರೂಮ್ ಅಂತ ಪ್ರವಾಸಿಗರ ಬಾಯಲ್ಲಿ ಕೇಳುವುದು ಬೇರೆಯೇ ವಿಷಯ. ಅದರಲ್ಲಿರುವ ಸೈಲೋಸೈಬಿನ್ 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ಅದರಿಂದ ದೂರ ಇರಿ.

ಅಣಬೆ ಕಾಫಿ ಮತ್ತು ಒಂದೆಲಗ

ಕಾಫಿ ನಾಡಿಗೇ ಈಗ ಅಣಬೆ ಕಾಫಿಯ ಪ್ಯಾಕೆಟ್ ಬರುತ್ತಿದೆ. ಕುಡಿದ ಅರ್ಧ ಗಂಟೆಗೆ ತಲೆ ಚುರುಕಾಯಿತು ಅಂದರೆ ಅದು ಕೆಫೀನಿನ ಕೆಲಸ. ನಮ್ಮ ತೋಟದ ಕಾಫಿಯೂ ಅದನ್ನು ಮಾಡುತ್ತದೆ. ಪ್ಯಾಕೆಟ್ಟಿನ ಹಿಂದೆ ಒಂದು ಕಪ್ಪಿಗೆ ಅಣಬೆ ಎಷ್ಟು ಮಿಲಿಗ್ರಾಂ, ಯಾವ ಅಣಬೆ ಎಷ್ಟು ಅಂತ ಬೇರೆ ಬೇರೆಯಾಗಿ ಬರೆದಿದೆಯಾ ನೋಡಿ. ಐದು ಅಣಬೆಯ ಹೆಸರು ಹೇಳಿ ಒಟ್ಟು ತೂಕ ಮಾತ್ರ ಕೊಟ್ಟಿದ್ದರೆ ಲೆಕ್ಕ ಹಾಕಲು ಸಾಧ್ಯವಿಲ್ಲ. 3 ಗ್ರಾಂನ ಹತ್ತಿರಕ್ಕೂ ಬಾರದ ಪ್ಯಾಕೆಟ್ಟಿಗೆ ಕಾಫಿಯ ಬೆಲೆಗಿಂತ ಜಾಸ್ತಿ ಕೊಡುವುದು ವ್ಯರ್ಥ.

"ಹಾಗಾದ್ರೆ ನಮ್ಮ ಒಂದೆಲಗ ಸಾಲದಾ ಮಾರಾಯ್ರೆ?" ಅಂತ ಕೇಳುವವರಿಗೂ ಎರಡು ಮಾತು. ಚಟ್ನಿ, ತಂಬುಳಿಯಲ್ಲಿ ಒಂದೆಲಗ ತಿನ್ನುವುದನ್ನು ಬಿಡಬೇಡಿ. ಆದರೆ ನೆನಪಿನ ವಿಷಯದಲ್ಲಿ ಮನುಷ್ಯರಲ್ಲಿ ಹೆಚ್ಚು ಪರೀಕ್ಷೆ ಆಗಿರುವುದು ಒಂದೆಲಗಕ್ಕಲ್ಲ, ಗದ್ದೆಯಂಚಿನ ಬೇರೊಂದು ಗಿಡ ನೀರುಬ್ರಾಹ್ಮಿಗೆ. ಅದರ ಪರೀಕ್ಷೆಗಳೂ ಸಾಮಾನ್ಯವಾಗಿ 12 ವಾರದವು. ಯಾವುದೇ ಆಗಲಿ, ವಾರದೊಳಗೆ ನೆನಪು ಬೆಳೆಯುತ್ತದೆ ಅನ್ನುವವರನ್ನು ನಂಬಬೇಡಿ.

ಯಾರು ವೈದ್ಯರನ್ನು ಕೇಳದೆ ಶುರು ಮಾಡಬಾರದು

ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತಿನ್ನುವವರು. ಅಂಗ ಕಸಿ ಆದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದಲ್ಲಿರುವವರು. ಬಸುರಿ, ಬಾಣಂತಿಯರು. ಉಬ್ಬಸ ಇರುವವರು, ಅಣಬೆ ತಿಂದರೆ ಮೈ ಕಡಿಯುವವರು. ಆಪರೇಷನ್ ದಿನ ನಿಗದಿಯಾಗಿದ್ದರೆ ಎರಡು ವಾರ ಮುಂಚೆಯೇ ನಿಲ್ಲಿಸಿ, ವೈದ್ಯರಿಗೂ ಹೇಳಿ. ಊಟದ ಅಣಬೆಗೆ ಇಷ್ಟೆಲ್ಲ ನಿಯಮ ಬೇಡ, ಅಲರ್ಜಿ ಇಲ್ಲದಿದ್ದರೆ ಸಾಕು.

ಮನೆಯಲ್ಲೇ ಬೆಳೆದು, ಅಳೆದು ನೋಡುವುದಾದರೆ

ಚಿಪ್ಪಣಬೆಗೆ ಕೊಡಗಿನ ಹವೆ ಹೇಳಿ ಮಾಡಿಸಿದ್ದು. 20ರಿಂದ 28 ಡಿಗ್ರಿ ಉಷ್ಣತೆ, ಶೇ. 80ಕ್ಕೂ ಮೇಲೆ ತೇವ ಅದಕ್ಕೆ ಬೇಕು. ಬತ್ತದ ಹುಲ್ಲನ್ನು ಕತ್ತರಿಸಿ, ನೆನೆಸಿ, ಬಿಸಿನೀರಿನಲ್ಲಿ ಹದಮಾಡಿ, ಚೀಲದಲ್ಲಿ ಪದರ ಪದರವಾಗಿ ಅಣಬೆ ಬೀಜ ಹಾಕಿದರೆ ಸುಮಾರು ಮೂರು ವಾರಕ್ಕೆ ಚೀಲ ಬೆಳ್ಳಗಾಗುತ್ತದೆ, ಆಮೇಲೆ ಕೆಲವೇ ದಿನಕ್ಕೆ ಕೊಯ್ಲು. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿಯ ಬಗ್ಗೆ ವಿಚಾರಿಸಿ. ಬೀಜಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯನ್ನೂ ಕೇಳಬಹುದು. ಲಯನ್ಸ್ ಮೇನ್‌ಗೆ ಇನ್ನೂ ತಂಪು ಬೇಕು, ಹುಲ್ಲಿಗಿಂತ ಮರದ ಹೊಟ್ಟು ಒಗ್ಗುತ್ತದೆ. ಚಿಪ್ಪಣಬೆ ಕೈಹಿಡಿದ ಮೇಲೆ ಅದಕ್ಕೆ ಹೋಗಿ.

ಲಯನ್ಸ್ ಮೇನ್ ಡಬ್ಬಿಯನ್ನೇ ಪ್ರಯತ್ನಿಸುವುದು ಅಂತ ಮನೆಯವರು ತೀರ್ಮಾನಿಸಿದ್ದರೆ ಹೀಗೆ ಮಾಡಿ. ಬಿ12, ಥೈರಾಯ್ಡ್ ಪರೀಕ್ಷೆ ಮುಗಿದು, ವೈದ್ಯರು ಸರಿ ಅಂದ ಮೇಲೆ ಶುರು ಮಾಡಿ. ಶುರು ಮಾಡುವ ದಿನವೇ ಡೈರಿಯಲ್ಲಿ ನಾಲ್ಕೈದು ಸಂಗತಿ ಬರೆದಿಡಿ: ಮಾತ್ರೆ ತಾವೇ ನೆನಪಿಟ್ಟು ತಿನ್ನುತ್ತಾರಾ, ಒಂದೇ ಪ್ರಶ್ನೆ ದಿನಕ್ಕೆ ಎಷ್ಟು ಸಲ ಕೇಳುತ್ತಾರೆ, ಅಂಗಡಿಯ ಚಿಲ್ಲರೆ ಲೆಕ್ಕ ತಪ್ಪುತ್ತದಾ, ಕೂಲಿಯ ಲೆಕ್ಕ ಬರೆಯುತ್ತಾರಾ, ಪರಿಚಯದವರ ಹೆಸರು ಹೇಳುತ್ತಾರಾ. ಜತೆಗೆ ಬೇರೆ ಹೊಸ ಪುಡಿ, ಹೊಸ ಮಾತ್ರೆ ಸೇರಿಸಬೇಡಿ. ನಾಲ್ಕು ವಾರಕ್ಕೊಮ್ಮೆ ಅವೇ ಸಂಗತಿಗಳನ್ನು ಮತ್ತೆ ನೋಡಿ, ಹಿಂದಿನದನ್ನು ತಿರುವಿ ನೋಡದೆ ಬರೆಯಿರಿ. 16 ವಾರ ಆದಮೇಲೆ ನಿಲ್ಲಿಸಿ, ಇನ್ನೂ ನಾಲ್ಕು ವಾರ ಬರೆಯಿರಿ. ತಿನ್ನುವಾಗಲೂ ನಿಲ್ಲಿಸಿದಾಗಲೂ ಡೈರಿಯಲ್ಲಿ ವ್ಯತ್ಯಾಸ ಕಾಣದಿದ್ದರೆ ಮುಂದಿನ ಡಬ್ಬಿ ತರಿಸಬೇಡಿ. ನಡುವೆ ಮರೆವು ಜೋರಾದರೆ, ದಾರಿ ತಪ್ಪಿದರೆ, ಮಾತು ತೊದಲಿದರೆ 16 ವಾರ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆ ಡೈರಿಯನ್ನೂ ವೈದ್ಯರಿಗೆ ತೋರಿಸಿ.